ಅಂಗಾಲಿನ ದೃಷ್ಟಿಬೊಟ್ಟು

ಪ್ರಶ್ನೆ: ಅಕ್ಕಾ, ನಮ್ದು ಕುಮಟಾ ಹತ್ರ ಹಳ್ಳಿ, ಸ್ವಲ್ಪ ಅಡಿಕೆ ತೋಟ, ಎರಡು ದನ. ನಮ್ಮನೆಯವರಿಗೆ 54 ವರ್ಷ. ಎಡಗಾಲಿನ ಹಿಮ್ಮಡಿ ಕೆಳಗೆ ಒಂದು ಕಪ್ಪು ಕಲೆ ಇತ್ತು, ಹಿಮ್ಮಡಿ ಒಡೆದಿದ್ದಕ್ಕೆ ಗೇರೆಣ್ಣೆ ಹಚ್ತಿದ್ರು, ಅದ್ರದ್ದೇ ಕಲೆ ಅಂದ್ಕೊಂಡು ಸುಮ್ನಿದ್ವಿ, ಈ ಮಳೆಗಾಲದಲ್ಲಿ ಅದು ಅಗಲ ಆಗಿ ರಕ್ತ ಬರೋಕೆ ಶುರುವಾಯ್ತು, ಡಾಕ್ಟರು ತುಂಡು ತೆಗೆದು ಬಯಾಪ್ಸಿಗೆ ಕಳಿಸಿದ್ರು, ಮೆಲನೋಮಾ ಅಂತ ಬಂತು, ಚರ್ಮದ ಕ್ಯಾನ್ಸರ್. ಮುಂದಿನ ತಿಂಗಳು ಆಪರೇಷನ್. ನಂಗೆ ರಾತ್ರಿ ನಿದ್ದೆ ಇಲ್ಲ, ಇವ್ರು ನೋಡಿದ್ರೆ ಬಂದವರ ಹತ್ರೆಲ್ಲ ತಮಾಷೆ. ‘ಸಣ್ಣಿದ್ದಾಗ ಆಯಿ ಅಂಗಾಲಿಗೆ ದೃಷ್ಟಿಬೊಟ್ಟು ಇಟ್ಟಿತ್ತು, ನಾ ಸರಿ ಕಾಲು ತೊಳೀಲಿಲ್ಲ, ಅದೇ ಬೆಳದದೆ’ ಅಂತಾರೆ. ಎಲ್ರೂ ನಗ್ತಾರೆ, ಅತ್ತೆ ಒಳಗೆ ಹೋಗಿ ಅಳ್ತಾರೆ. ಇದು ಧೈರ್ಯವಾ, ಹೆದರಿಕೆ ಮುಚ್ಚಿಡೋದಾ? ನಾನೂ ನಗಬೇಕಾ? ಪಕ್ಕದ ಮನೆಯವ್ರು ಅಂಟತ್ತಾ ಅಂತ ಬೇರೆ ಕೇಳ್ತಿದಾರೆ.
– ಓದುಗಿ, ಕುಮಟಾ ತಾಲೂಕು

ಉತ್ತರ: ತಂಗೀ, ಮೊದ್ಲು ಪಕ್ಕದ ಮನೆಯವ್ರ ವಿಷಯ ಮುಗಿಸ್ತೀನಿ. ಅಂಟೋದಿಲ್ಲ. ಒಂದೇ ತಟ್ಟೇಲಿ ಉಂಡ್ರೂ, ಗಾಯ ತೊಳೆದು ಪಟ್ಟಿ ಕಟ್ಟಿದ್ರೂ ಅಂಟೋದಿಲ್ಲ.

ಇನ್ನು ಗೇರೆಣ್ಣೆ. ನೀವು ಬರೆದ ಆ ಸಾಲಿನಲ್ಲಿ ‘ನಾವೇ ತಡ ಮಾಡಿದ್ವಿ’ ಅನ್ನೋ ಸಂಕಟ ನಂಗೆ ಕಾಣ್ತು, ದಯವಿಟ್ಟು ಅದನ್ನ ಹೊತ್ಕೊಂಡು ತಿರುಗಬೇಡಿ. ಬರಿಗಾಲಲ್ಲಿ ತೋಟಕ್ಕೆ ಹೋಗೋರ ಅಂಗಾಲು ಯಾರು ದಿನಾ ನೋಡ್ತಾರೆ ಹೇಳಿ, ಮುಳ್ಳು, ಆಣಿ, ಕಲ್ಲು ತಾಗಿದ್ದು, ಎಣ್ಣೆ ಕಲೆ ಎಲ್ಲಾ ಒಂದೇ ಥರ ಕಾಣತ್ತೆ. ಚರ್ಮದ ಕ್ಯಾನ್ಸರ್ ಅಂದ್ರೆ ಬಿಸಿಲಿಂದ ಬರೋದು, ಬಿಳಿ ಜನರಿಗೆ ಬರೋದು ಅಂತಾನೇ ನಾವು ಕೇಳಿರೋದು, ಆದ್ರೆ ನಮ್ಮಂಥ ಮೈಬಣ್ಣದವ್ರಿಗೆ ಮೆಲನೋಮಾ ಬಂದ್ರೆ ಜಾಸ್ತಿ ಕಾಣಿಸ್ಕೊಳ್ಳೋದೇ ಅಂಗಾಲು, ಅಂಗೈ, ಉಗುರಿನ ಅಡಿ ಇಂಥಾ ಕಡೆ, ಬಿಸಿಲೇ ತಾಗದ ಜಾಗದಲ್ಲಿ. ಅದಕ್ಕೇ ಗೊತ್ತಾಗೋದು ತಡ.

ಈಗ ನಗು ವಿಷಯಕ್ಕೆ ಬರ್ತೀನಿ, ನಂಗೆ ಇದು ಮನೇಲಿ ಕಂಡು ಗೊತ್ತು. ಶಿರಸಿಯಲ್ಲಿರೋ ನಮ್ಮ ಅಣ್ಣಂಗೆ ಮೂಗಿನ ಪಕ್ಕ ಒಂದು ಕಪ್ಪಗೆ ಹೊಳೆಯೋ ಗುಳ್ಳೆ ಎದ್ದು ಮಾಯೋದೇ ಇಲ್ಲ ಅಂತಿತ್ತು, ಒಂದು ವರ್ಷ ಬರೀ ಮುಲಾಮು ಹಚ್ಚಿಸಿದ್ರು, ಆಮೇಲೆ ಬೇಸಲ್ ಸೆಲ್ ಕಾರ್ಸಿನೋಮಾ ಅಂತ ಗೊತ್ತಾಯ್ತು, ಅದೂ ಒಂದು ಥರ ಚರ್ಮದ ಕ್ಯಾನ್ಸರ್ರೇ, ಬೇರೆ ಅಂಗಕ್ಕೆ ಹರಡೋದು ತೀರಾ ಅಪರೂಪ, ಆದ್ರೂ ಮೂಗಿನ ಒಂದು ಬದಿ ತೆಗೆದು ಹಣೆ ಚರ್ಮ ತಂದು ಕೂರಿಸಿದ್ರು. ಪಟ್ಟಿ ಬಿಚ್ಚಿದ ದಿನ ಕನ್ನಡಿ ಹಿಡ್ಕೊಂಡು ಸುಮಾರು ಹೊತ್ತು ನೋಡ್ದ, ಹಿಂದೆ ಅತ್ತಿಗೆ ಸೆರಗು ಬಾಯಿಗೆ ಒತ್ಕೊಂಡು ನಿಂತಿದ್ಳು, ಇವ ತಿರುಗಿ ‘ಎಲ್ಲರ ವಿಷಯದಲ್ಲೂ ಮೂಗು ತೂರಿಸ್ತಿದ್ದೆ ಅಂತ ಬೈತಿದ್ಯಲ್ಲ, ಇನ್ನು ಹಣೆ ತೂರಿಸ್ತೆ ನೋಡು’ ಅಂದ. ಅತ್ತಿಗೆ ಅಳ್ತಾ ಅಳ್ತಾ ನಕ್ಬಿಟ್ಳು. ಎರಡು ತಿಂಗಳಲ್ಲಿ ಆ ಮನೇಲಿ ಕೇಳಿದ ಮೊದಲ ನಗು ಅದು.

ಆಮೇಲೆ ಒಂದು ದಿನ ನೆಂಟರೊಬ್ಬರು ಬಂದು ಅದೇ ಮೂಗಿನ ಮಾತನ್ನ ಅವನಿಗೇ ಹೇಳಿ ಜೋರಾಗಿ ನಕ್ರು. ಅಣ್ಣನ ಮುಖ ಸಣ್ಣದಾಗೋಯ್ತು. ಕೈಲಿದ್ದ ಕವಳ ಹಾಗೇ ಹರಿವಾಣದಲ್ಲಿಟ್ಟು ಎದ್ದು ಹೋದ. ಅವತ್ತು ನಂಗೆ ಅರ್ಥ ಆಗಿದ್ದು, ತಮಾಷೆ ಕಾಯಿಲೆ ಬಂದವರ ಸ್ವಂತದ್ದು, ಅದನ್ನ ಯಾವಾಗ ತೆಗೀಬೇಕು ಅನ್ನೋದೂ ಅವರಿಗೇ ಬಿಟ್ಟಿದ್ದು. ಅವರು ಶುರು ಮಾಡಿದ್ರೆ ನೀವು ನಗಬಹುದು, ನಗು ಬರದಿದ್ರೆ ನಗದೇನೂ ಇರಬಹುದು, ಸುಳ್ಳು ನಗು ಮಾತ್ರ ಬೇಡ, ಇಷ್ಟು ವರ್ಷ ಜೊತೇಲಿದ್ದವರಿಗೆ ಅದು ಗೊತ್ತಾಗ್ದೇ ಇರೋದಿಲ್ಲ.

ಧೈರ್ಯವಾ ಹೆದರಿಕೆಯಾ ಅಂತ ಕೇಳಿದ್ರಿ. ಎರಡೂ ಇರತ್ತೆ ತಂಗೀ, ಹೆದರಿಕೆ ಇಲ್ದೇ ಯಾರಿಗೂ ಇಂಥಾ ಮಾತು ಹೊಳೆಯೋದಿಲ್ಲ. ನೀವು ನೋಡ್ಬೇಕಾಗಿದ್ದು ಬೇರೆ. ನಮ್ಮ ಯಕ್ಷಗಾನದಲ್ಲಿ ಎಂಥಾ ಪ್ರಸಂಗ ಇದ್ರೂ ಹಾಸ್ಯಗಾರ ರಂಗಕ್ಕೆ ಬರ್ತಾನೆ, ಜನ ಹೊಟ್ಟೆ ಹಿಡ್ಕೊಂಡು ನಗ್ತಾರೆ, ಹಾಗಂತ ಪ್ರಸಂಗ ಅಲ್ಲೇ ನಿಲ್ಲೋದಿಲ್ಲ. ಇವ್ರು ತಮಾಷೆ ಮಾಡ್ತಾನೇ ಸ್ಕ್ಯಾನಿಂಗಿಗೆ ಹೋಗ್ತಿದಾರಾ, ಆಪರೇಷನ್ ಡೇಟಿಗೆ ರೆಡಿ ಆಗ್ತಿದಾರಾ? ಹಾಗಾದ್ರೆ ನಗಲಿ ಬಿಡಿ. ‘ಎಂತ ಆಗ್ತದೆ, ಅಡಿಕೆ ಕೊಯ್ಲು ಮುಗೀಲಿ’ ಅಂತ ನಗ್ತಾ ನಗ್ತಾ ದಿನ ಮುಂದೂಡಿದ್ರೆ ಮಾತ್ರ ನೀವು ಗಟ್ಟಿ ಆಗ್ಬೇಕು. ಕತ್ತಿ ತಾಗಿಸಿದ್ರೆ ಕ್ಯಾನ್ಸರ್ ಹರಡತ್ತೆ ಅಂತ ಯಾರಾದ್ರೂ ಹೆದರಿಸ್ತಾರೆ, ಅದು ಸುಳ್ಳು. ಮೆಲನೋಮಾಗೆ ಮುಖ್ಯ ಚಿಕಿತ್ಸೆನೇ ಆಪರೇಷನ್. ಗಡ್ಡೆ ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಅಂತ ಬಯಾಪ್ಸಿ ರಿಪೋರ್ಟಿನಲ್ಲಿ ಇರತ್ತೆ, ಅದನ್ನ ಕೇಳಿ ತಿಳ್ಕೊಳ್ಳಿ, ಅದನ್ನ ನೋಡ್ಕೊಂಡು ಸುತ್ತಲಿನ ಒಳ್ಳೇ ಚರ್ಮ ಸಾಮಾನ್ಯವಾಗಿ 1ರಿಂದ 2 ಸೆಂಟಿಮೀಟರ್ ಸೇರಿಸಿ ತೆಗೀತಾರೆ, ತೊಡೆ ಸಂದಿನ ದುಗ್ಧಗ್ರಂಥಿಗೆ ಕ್ಯಾನ್ಸರ್ ಹೋಗಿದೆಯಾ ಅಂತಲೂ ನೋಡ್ತಾರೆ. ಹಿಮ್ಮಡಿ ಆದ್ರಿಂದ ಬೇರೆ ಕಡೆ ಚರ್ಮ ತಂದು ಹಾಕಿದ್ರೆ ಕೆಲವು ವಾರ ಕಾಲು ಊರೋ ಹಾಗಿರೋದಿಲ್ಲ, ತೋಟಕ್ಕೆ ಆಳು, ದನಕ್ಕೆ ಹುಲ್ಲು ಹಾಕೋರು ಯಾರು ಅಂತ ಈಗಲೇ ಗೊತ್ತು ಮಾಡ್ಕೊಳ್ಳಿ.

ದುಡ್ಡಿನ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಬಿಪಿಎಲ್ ಕಾರ್ಡಿದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗತ್ತೆ, ಎಪಿಎಲ್ ಆದ್ರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರದ ಶೇಕಡಾ 30, ವರ್ಷಕ್ಕೆ 1.5 ಲಕ್ಷದ ಮಿತಿ. ದೊಡ್ಡ ಆಸ್ಪತ್ರೆಗೆ ಅಂತ ಹುಬ್ಬಳ್ಳಿ ಇಲ್ಲಾ ಮಣಿಪಾಲ ಅಂತ ಓಡಬೇಕಾದ ಜಿಲ್ಲೆ ನಮ್ಮದು, ಈ ನೋವು ಎಷ್ಟು ಸಲ ಬರೆದ್ರೂ ತೀರೋದಿಲ್ಲ. ಚಿಕಿತ್ಸೆಗೆ ರೈಲಿನಲ್ಲಿ ಹೋಗೋದಾದ್ರೆ ಕ್ಯಾನ್ಸರ್ ಪೇಷೆಂಟಿಗೂ ಜೊತೆಗೆ ಹೋಗೋ ಒಬ್ರಿಗೂ ಟಿಕೆಟಿನಲ್ಲಿ ರಿಯಾಯಿತಿ ಇದೆ, ಡಾಕ್ಟರ ಹತ್ರ ಅದ್ರ ಫಾರಂ ತುಂಬಿಸ್ಕೊಳ್ಳಿ.

ನಿಮ್ಮ ಅತ್ತೆ ಅಳೋದು ಯಾಕೆ ಅಂತ ನಂಗೆ ಅನ್ಸೋದು ಹೇಳ್ಲಾ? ಎಲ್ಲರಿಗೂ ಅದು ತಮಾಷೆ, ಅವರಿಗೆ ಮಾತ್ರ ನಿಜ. ಮಗುವಿನ ಅಂಗಾಲು ಅಂಗೈಲಿ ಹಿಡ್ಕೊಂಡು ಕಾಡಿಗೆ ಹಚ್ಚಿದ್ದು ಅವರೇ ಅಲ್ವಾ. ಇವ್ರಿಗೆ ಒಂದ್ಸಲ ಮೆಲ್ಲಗೆ ಹೇಳಿ, ಆಯಿ ಎದುರಿಗೆ ಆ ಒಂದು ಮಾತು ಬೇಡ, ಬೇರೆ ಏನಾದ್ರೂ ಹೇಳಿ ನಗ್ಸಿ ಅಂತ. ಹೇಳಿದ್ರೆ ಕೇಳ್ತಾರೆ.

ನಿಮ್ಮ ನಿದ್ದೆ ವಿಷಯನೂ ಸಣ್ಣದಲ್ಲ. ತವರಿನಿಂದ ಒಬ್ರನ್ನ ನಾಲ್ಕು ದಿನ ಇರೋಕೆ ಕರೀರಿ, ಅವರೆದುರಿಗೆ ಸಮಾ ಅತ್ಬಿಡಿ. ಯಾರ ಹತ್ರವೂ ಹೇಳೋಕಾಗ್ದಿದ್ರೆ 14416ಕ್ಕೆ ಫೋನ್ ಮಾಡಿ, ಅದು ಮನಸ್ಸಿನ ಕಷ್ಟ ಹೇಳ್ಕೊಳ್ಳೋಕೆ ಸರ್ಕಾರದ ಸಹಾಯವಾಣಿ, ಟೆಲಿ ಮಾನಸ್ ಅಂತ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿ ಎರಡಕ್ಕೂ ಎತ್ತುತಾರೆ.

ಪ್ರಶ್ನೆ: ನನ್ನ ಗೆಳತಿಗೂ ಚರ್ಮದ ಕ್ಯಾನ್ಸರ್, ಚಿಕಿತ್ಸೆ ನಡೀತಿದೆ. ನೋಡೋಕೆ ಹೋದ್ರೆ ಎಂತ ಮಾತಾಡೋದು ಗೊತ್ತಾಗ್ದೇ ಹೋಗೇ ಇಲ್ಲ.
– ಓದುಗಿ, ಕಾರವಾರ

ಉತ್ತರ: ಹೋಗಿ. ಅವರಿವರಿಗೆ ಏನಾಯ್ತು ಅನ್ನೋ ಕಥೆ, ಸೊಪ್ಪಿನ ಔಷಧಿ, ‘ಧೈರ್ಯ ತಗೋ’ ಇವು ಮೂರು ಬಿಟ್ಟು ಏನು ಬೇಕಾದ್ರೂ ಮಾತಾಡಿ. ‘ಏನಾದ್ರೂ ಬೇಕಿದ್ರೆ ಹೇಳು’ ಅಂದ್ರೆ ಯಾರೂ ಹೇಳೋದಿಲ್ಲ, ‘ಗುರುವಾರ ಡ್ರೆಸ್ಸಿಂಗಿಗೆ ನಾನೇ ಕರ್ಕೊಂಡು ಹೋಗ್ತೆ, ಬರುವಾಗ ಮೀನು ಪ್ಯಾಟಿಗೆ ಹೋಗಿ ಬರೋಣ’ ಅಂತ ಹೇಳಿ ನೋಡಿ.