ನಾಯಿಮರಿಗೆ ಹಸಿ ಮಾಂಸ ಹಾಕಬಹುದೇ?

ಪ್ರಶ್ನೆ: ನಮ್ಮ ಮನೆಯಲ್ಲಿ ನಾಲ್ಕು ತಿಂಗಳ ಲ್ಯಾಬ್ರಡಾರ್ ಮರಿಯಿದೆ. ನಾಯಿ ತೋಳದ ವಂಶದ್ದು, ಬೇಯಿಸಿದರೆ ಮಾಂಸದ ಸತ್ವ ಹೋಗುತ್ತದೆ ಎಂದು ನನ್ನ ಮಗ ಒಂದು ತಿಂಗಳಿಂದ ಮೂಳೆ ತೆಗೆದ ಹಸಿ ಕೋಳಿಮಾಂಸವನ್ನಷ್ಟೇ ಹಾಕುತ್ತಿದ್ದಾನೆ. ಮರಿ ಚುರುಕಾಗಿದೆ, ಕೂದಲೂ ಹೊಳೆಯುತ್ತಿದೆ. ಮನೆಯಲ್ಲಿ ಒಂದೂವರೆ ವರ್ಷದ ಮೊಮ್ಮಗಳೂ ಎಂಬತ್ತು ದಾಟಿದ ಅತ್ತೆಯವರೂ ಇರುವುದರಿಂದ ನನಗೆ ಆತಂಕ. ಇದು ಸರಿಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ದಯವಿಟ್ಟು ಇಂದೇ ನಿಲ್ಲಿಸಿ. ಮರಿಗಿಂತ ಮೊದಲು ಮೊಮ್ಮಗಳ ಮತ್ತು ಅತ್ತೆಯವರ ಸಲುವಾಗಿ ಈ ಮಾತು ಹೇಳುತ್ತಿದ್ದೇನೆ.

ಹಸಿ ಕೋಳಿಮಾಂಸದಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್‌ನಂತಹ ರೋಗಾಣುಗಳಿರುವುದು ಅಪರೂಪವೇನಲ್ಲ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯು 2010ರಿಂದ 2012ರ ನಡುವೆ, ಸಾಕುಪ್ರಾಣಿಗಳಿಗೆಂದೇ ಮಾರುವ ಹಸಿ ಆಹಾರದ 196 ಮಾದರಿಗಳನ್ನು ಪರೀಕ್ಷಿಸಿದಾಗ 15ರಲ್ಲಿ ಸಾಲ್ಮೊನೆಲ್ಲಾ, 32ರಲ್ಲಿ ಲಿಸ್ಟೀರಿಯಾ ಸಿಕ್ಕವು. ಇವು ಹೊಟ್ಟೆಗೆ ಹೋದರೂ ನಾಯಿ ಎಷ್ಟೋ ಸಲ ಕಾಯಿಲೆ ಬೀಳುವುದೇ ಇಲ್ಲ. ಆದರೆ ಅದರ ಮಲದಲ್ಲಿ ರೋಗಾಣುಗಳು ಹೊರಬೀಳುತ್ತಿರುತ್ತವೆ. ಮರಿ ತನ್ನ ಹಿಂಭಾಗವನ್ನು ನೆಕ್ಕಿಕೊಂಡು, ಅದೇ ನಾಲಿಗೆಯಿಂದ ಮಗುವಿನ ಅಂಗೈ ನೆಕ್ಕುತ್ತದೆ, ಮಗು ಆ ಕೈಯನ್ನು ಬಾಯಿಗಿಟ್ಟುಕೊಳ್ಳುತ್ತದೆ. ದೊಡ್ಡವರಿಗೆ ಎರಡು ದಿನದ ಭೇದಿಯಲ್ಲಿ ಮುಗಿಯಬಹುದಾದದ್ದು ಎಳೆಯ ಮಕ್ಕಳಿಗೂ ವೃದ್ಧರಿಗೂ ಜೀವಕ್ಕೇ ಎರವಾಗಬಹುದು. ಫ್ರೀಜರ್‌ನಲ್ಲಿಟ್ಟ ಮಾಂಸ ಸುರಕ್ಷಿತವೆಂಬ ನಂಬಿಕೆಯೂ ತಪ್ಪು: ಚಳಿಯಲ್ಲಿ ರೋಗಾಣುಗಳ ಬೆಳವಣಿಗೆ ನಿಲ್ಲುತ್ತದೆಯೇ ಹೊರತು ಅವೆಲ್ಲ ಸಾಯುವುದಿಲ್ಲ.

ಇನ್ನು ಮರಿಯ ವಿಚಾರ. ಮಾಂಸದಲ್ಲಿ ರಂಜಕ ಹೇರಳ, ಕ್ಯಾಲ್ಸಿಯಂ ಅತ್ಯಲ್ಪ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗುತ್ತಿದ್ದಂತೆ ದೇಹವು ಅದನ್ನು ಮೂಳೆಗಳಿಂದ ಎಳೆದುಕೊಳ್ಳುತ್ತದೆ. ಬರೀ ಮಾಂಸ ತಿಂದು ಬೆಳೆದ ಐದು ತಿಂಗಳ ಮರಿಯೊಂದನ್ನು ಒಮ್ಮೆ ನನ್ನ ಬಳಿ ತಂದಿದ್ದರು; ಮಂಚದಿಂದ ಕೆಳಗೆ ಹಾರಿದ್ದಕ್ಕೇ ಅದರ ಹಿಂಗಾಲು ಮುರಿದಿತ್ತು. ಎಕ್ಸ್‌ರೇಯಲ್ಲಿ ಬೆಳ್ಳಗೆ ಎದ್ದು ಕಾಣಬೇಕಾದ ಮೂಳೆಗಳು ಸುತ್ತಲಿನ ಮಾಂಸದಷ್ಟೇ ಮಸುಕಾಗಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆ ಮರಿಯ ಕೂದಲೂ ಚೆನ್ನಾಗಿಯೇ ಹೊಳೆಯುತ್ತಿತ್ತು. ಹೊಳಪು ಬರುವುದು ಕೊಬ್ಬಿನಿಂದ. ಅದನ್ನು ನೋಡಿ ಮೂಳೆಯ ಸ್ಥಿತಿಯನ್ನು ಹೇಳಲಾಗದು.

ತೋಳದ ಹೋಲಿಕೆಯೂ ಪೂರ್ತಿ ಹೊಂದುವುದಿಲ್ಲ. ತೋಳ ತಿನ್ನುವುದು ಬರೀ ಮಾಂಸಖಂಡವನ್ನಲ್ಲ, ಬೇಟೆಯ ಮೂಳೆ, ಕರುಳು, ಯಕೃತ್ತುಗಳನ್ನೂ ತಿನ್ನುತ್ತದೆ. ಅಲ್ಲದೆ ಮನುಷ್ಯನ ಜೊತೆ ಸಾವಿರಾರು ವರ್ಷ ಬಾಳಿದ ನಾಯಿಯಲ್ಲಿ ಪಿಷ್ಟವನ್ನು ಅರಗಿಸುವ ಜೀನ್‌ನ ಪ್ರತಿಗಳು ತೋಳದಲ್ಲಿರುವುದಕ್ಕಿಂತ ಬಹಳ ಹೆಚ್ಚಿವೆ ಎಂಬುದು 2013ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಗೊತ್ತಾಗಿದೆ. ನಮ್ಮ ಹಳ್ಳಿಯ ನಾಯಿಗಳು ಮುದ್ದೆ, ಅನ್ನ ತಿಂದು ಬದುಕಿರುವುದು ಸುಮ್ಮನೆ ಅಲ್ಲ.

ಮಾಂಸವನ್ನು ಚೆನ್ನಾಗಿ ಬೇಯಿಸಿ ಹಾಕಿ. ಈರುಳ್ಳಿ, ಬೆಳ್ಳುಳ್ಳಿ ಬೇಡವೇ ಬೇಡ, ಅವು ನಾಯಿಗೆ ವಿಷ. ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚಬಹುದಾದ್ದರಿಂದ ಅದನ್ನೂ ಕೊಡಬೇಡಿ. ಆದರೆ ಬೇಯಿಸಿದ ಮಾತ್ರಕ್ಕೆ ಕ್ಯಾಲ್ಸಿಯಂ ಕೊರತೆ ನೀಗುವುದಿಲ್ಲ. ಆದ್ದರಿಂದ ದೊಡ್ಡ ತಳಿಯ ಮರಿಗಳಿಗೆಂದು ತಯಾರಿಸಿದ ಸಮತೋಲಿತ ಆಹಾರವನ್ನೇ ಮುಖ್ಯವಾಗಿ ಕೊಡುವುದು ಕ್ಷೇಮ. ಗಾಬರಿಯಿಂದ ಔಷಧಿ ಅಂಗಡಿಯ ಕ್ಯಾಲ್ಸಿಯಂ ಮಾತ್ರೆ ತಂದು ನುಂಗಿಸಬೇಡಿ, ಈ ತಳಿಗೆ ಅದು ಅತಿಯಾದರೂ ಮೂಳೆ ಸೊಟ್ಟಗಾಗುತ್ತದೆ. ಈ ವಾರವೇ ಪಶುವೈದ್ಯರಿಗೆ ತೋರಿಸಿ, ಅಗತ್ಯವೆನಿಸಿದರೆ ಅವರು ಎಕ್ಸ್‌ರೇ ತೆಗೆಸುತ್ತಾರೆ.

ಮರಿಯ ತಟ್ಟೆಯನ್ನೂ ಮಾಂಸ ಕತ್ತರಿಸುವ ಹಲಗೆಯನ್ನೂ ಸೋಪು ಹಾಕಿ ಬಿಸಿನೀರಿನಲ್ಲಿ ತೊಳೆದು, ಮನೆಯ ಪಾತ್ರೆಗಳಿಂದ ದೂರವಿಡಿ. ಮುಂದಿನ ಕೆಲವು ವಾರಗಳಲ್ಲಿ ಮಗುವಿಗಾಗಲಿ ಅತ್ತೆಯವರಿಗಾಗಲಿ ಜ್ವರ, ಭೇದಿ ಕಾಣಿಸಿಕೊಂಡರೆ, ಮನೆಯ ನಾಯಿಗೆ ಹಸಿ ಮಾಂಸ ಹಾಕುತ್ತಿದ್ದೆವೆಂದು ವೈದ್ಯರಿಗೆ ನೀವಾಗಿಯೇ ತಿಳಿಸಿ. ಅವರು ಅದನ್ನು ಕೇಳದೆಯೂ ಇರಬಹುದು.