ಉಡುಪಿ ಕಡೆಯ ಸಣ್ಣ ಚರ್ಚಿನಲ್ಲಿ ಮಕ್ಕಳಿಗೆ ಬೇಸಿಗೆ ರಜೆಯ ವಿಬಿಎಸ್ (ವೆಕೇಶನ್ ಬೈಬಲ್ ಸ್ಕೂಲ್, ಅಂದರೆ ರಜೆಯ ಬೈಬಲ್ ಶಿಬಿರ) ಹೇಗೆ ನಡೆಸುವುದು?

ಮೊದಲು ತಾರೀಕು ನೋಡಿ. ನಮ್ಮಲ್ಲಿ ಏಪ್ರಿಲ್ ಎರಡನೇ ವಾರದ ಹೊತ್ತಿಗೆ ರಜೆ ಶುರು. ಆದರೆ ಈಸ್ಟರ್ ಕೆಲವೊಮ್ಮೆ ತಡವಾಗಿ ಬರುತ್ತದೆ, 2025ರಲ್ಲಿ ಏಪ್ರಿಲ್ 20ಕ್ಕೆ ಬಂದಿತ್ತು. ಅಂಥ ವರ್ಷ ಹಬ್ಬ ಮುಗಿದ ಮೇಲೆಯೇ ಇಟ್ಟುಕೊಳ್ಳಿ. ಮೇ ಮಧ್ಯಕ್ಕೆ ತಳ್ಳಿದರೆ ಅರ್ಧ ಮಕ್ಕಳು ಅಜ್ಜಿಮನೆಯಲ್ಲಿ, ಉಳಿದರ್ಧ ಮದುವೆ ಊಟದಲ್ಲಿ! ಐದು ದಿನ ಸಾಕು.

ಸೆಕೆ ಗೊತ್ತಲ್ವಾ? ಎಂಟೂವರೆಗೆ ಶುರುಮಾಡಿ, ಹನ್ನೊಂದೂವರೆಗೆ ಮುಗಿಸಿ. ಹೊರಗಿನ ಆಟ ಮೊದಲು, ಕಥೆ ಮತ್ತು ಕ್ರಾಫ್ಟ್ ಆಮೇಲೆ. ನಡುವೆ ಪುನರ್ಪುಳಿ ಶರಬತ್ತು, ಸಜ್ಜಿಗೆ ಅವಲಕ್ಕಿ.

ಜಾಸ್ತಿ ತಯಾರಿ ಬೇಕಿರುವುದು ಕಥೆಗೆ. ಸುಮ್ನೆ ಓದಿ ಹೇಳಬೇಡಿ. ಮಲ್ಪೆಯ ದೋಣಿ ನೋಡಿ ಬೆಳೆದ ಮಕ್ಕಳಿಗೆ ಯೇಸು ಬಿರುಗಾಳಿ ನಿಲ್ಲಿಸಿದ ಕಥೆ ಹೇಳಿಕೊಡಬೇಕಾಗಿಲ್ಲ, ಆಡಿಸಿದರೆ ಸಾಕು. ಬೆಂಚು ಜೋಡಿಸಿ ದೋಣಿ ಮಾಡಿ. ಒಬ್ಬ ಹಿಂದೆ ತಲೆದಿಂಬು ಇಟ್ಟು ಮಲಗಲಿ (ಮಾರ್ಕನ ಸುವಾರ್ತೆ 4ನೇ ಅಧ್ಯಾಯದಲ್ಲಿ ಆ ದಿಂಬೂ ಇದೆ). ಉಳಿದವರು ಹಳೇ ಬೆಡ್‌ಶೀಟ್ ಅಲ್ಲಾಡಿಸಿ ಅಲೆ ಎಬ್ಬಿಸಲಿ. ಕಥೆಯನ್ನು ತುಳುವಿನಲ್ಲೇ ಹೇಳಿದರೂ ಅಡ್ಡಿಯಿಲ್ಲ. ಇಂಗ್ಲಿಷ್ ಮೀಡಿಯಂ ಮಕ್ಕಳು ಕನ್ನಡ ಓದಲು ತಡವರಿಸುತ್ತಾರೆ, ಬಾಯಿಪಾಠದ ವಾಕ್ಯ ಚಿಕ್ಕದಿರಲಿ.

ಒಂದು ಕೋಣೆಗೆ ಇಬ್ಬರು ದೊಡ್ಡವರು ಇರಲೇಬೇಕು, ಇದರಲ್ಲಿ ರಾಜಿ ಬೇಡ. ಪಕ್ಕದ ಮನೆಯ ಬೇರೆ ಧರ್ಮದ ಮಕ್ಕಳೂ ಬರುವುದುಂಟು. ಇಲ್ಲಿ ಬೈಬಲ್ ಕಥೆ ಹೇಳುತ್ತೇವೆಂದು ಅವರ ಅಪ್ಪ-ಅಮ್ಮನಿಗೆ ಮೊದಲೇ ತಿಳಿಸಿ, ಒಪ್ಪಿಗೆಯನ್ನು ಬರಹದಲ್ಲೇ ತೆಗೆದುಕೊಳ್ಳಿ.