ಹಲಗೆಯ ಮೇಲಿನ ನವಿಲು

ಪ್ರಶ್ನೆ: ನಮ್ಮ ಬಳಗದವರು ಸಹಾಯಾರ್ಥ ನಿಧಿ ಕೂಡಿಸಲು ಕಾರ್ನ್‌ಹೋಲ್ ಹಲಗೆಗಳನ್ನು ಮನೆಯಲ್ಲೇ ಮಾಡಿ, ಚಿತ್ರ ಬಿಡಿಸಿ ಹರಾಜಿಗಿಡಬೇಕೆಂದಿದ್ದೇವೆ. ಹುಲ್ಲುಹಾಸಿನ ಮೇಲೆ ಓರೆಯಾಗಿ ನಿಲ್ಲಿಸಿದ ಹಲಗೆಯ ತೂತಿಗೆ ಕಾಳಿನ ಚೀಲ ಎಸೆಯುವ ಆಟವಿದು. ಮಣಿ, ಕನ್ನಡಿಚೂರು ಅಂಟಿಸಿ ಅಲಂಕರಿಸಬಹುದೇ? ಬಣ್ಣ ಬಾಳಿಕೆ ಬರಲು ಏನು ಮಾಡಬೇಕು?
– ಓದುಗರೊಬ್ಬರು

ಉತ್ತರ: ಮಣಿ, ಕನ್ನಡಿ ಖಂಡಿತ ಬೇಡ. ಪೆಟ್ಟು ತಿಂದವನಾಗಿ ಹೇಳುತ್ತಿದ್ದೇನೆ. ಮೊದಲ ಸಲ ಇಂಥ ಹಲಗೆ ಮಾಡಿದಾಗ ಮೈತುಂಬ ನವಿಲು ಬರೆದೆ. ಗರಿಗಳು ಎದ್ದು ಕಾಣಲೆಂದು ಮೆಹಂದಿ ಹಾಕುವಂತೆ ಕೋನಿನಿಂದ ದಪ್ಪ ಬಣ್ಣ ಹಿಂಡಿದೆ. ನೋಡಿದವರೆಲ್ಲ ಕೈಯಾಡಿಸಿ ಮೆಚ್ಚಿಕೊಂಡರು. ಆಟ ಶುರುವಾದ ಮೇಲೆ ಮಾತ್ರ ಒಂದು ಚೀಲವೂ ಜಾರಲಿಲ್ಲ; ಬಿದ್ದಲ್ಲೇ ಗರಿಗೆ ಕಚ್ಚಿಕೊಂಡು ಕುಳಿತವು. ಸಂಜೆಯ ಹೊತ್ತಿಗೆ ಅರ್ಧ ಗರಿ ಉದುರಿತ್ತು, ಎರಡು ಚೀಲ ಹರಿದು ಹುಲ್ಲಿನಲ್ಲಿ ಮೆಕ್ಕೆಜೋಳ ಚೆಲ್ಲಿತ್ತು. ತೂತಿಗೆ ಬಿದ್ದರೆ ಮೂರು ಅಂಕ, ಹಲಗೆಯ ಮೇಲೆ ಉಳಿದರೆ ಒಂದೇ. ಹಲಗೆಯ ಕೆಳಭಾಗದಲ್ಲಿ ಬಿದ್ದ ಚೀಲ ಎಸೆತದ ರಭಸಕ್ಕೆ ಮೆಲ್ಲನೆ ಮೇಲಕ್ಕೆ ಜಾರಿ ತೂತಿನಂಚಿಗೆ ಬರುವಾಗಲೇ ಜನ ಉಸಿರು ಬಿಗಿಹಿಡಿಯುವುದು. ಅದನ್ನೇ ನನ್ನ ನವಿಲು ಕಸಿದುಕೊಂಡಿತ್ತು.

ಅಳತೆಯಲ್ಲೂ ಸ್ವಂತಿಕೆ ಬೇಡ. ಹಲಗೆ 2 ಅಡಿ ಅಗಲ, 4 ಅಡಿ ಉದ್ದ. 6 ಇಂಚು ವ್ಯಾಸದ ತೂತಿನ ಕೇಂದ್ರ ಮೇಲಂಚಿನಿಂದ 9 ಇಂಚು ಕೆಳಗೆ, ಅಗಲದ ನಟ್ಟನಡುವೆ ಇರಬೇಕು. ಹಿಂಬದಿಯ ಎತ್ತರ 12 ಇಂಚು. ಮುಂಬದಿ ಮೂರು ಇಂಚಿನ ಆಸುಪಾಸು ಸಾಕು. ಅರ್ಧ ಇಂಚಿಗಿಂತ ತೆಳುವಾದ ಪ್ಲೈವುಡ್ ತಂದರೆ ಬಿದ್ದ ಚೀಲ ಪುಟಿಯುತ್ತದೆ. ಕಾಲುಗಳನ್ನು ಬೋಲ್ಟ್ ಹಾಕಿ ಮಡಚುವಂತೆ ಮಾಡಿದರೆ ಸಾಗಿಸಲು ಸುಲಭ.

ತೂತು ಕೊರೆದ ಮೇಲೆಯೇ ಪೆನ್ಸಿಲ್ ಹಿಡಿಯಿರಿ. ಚಂದದ ಮುಖ ಬರೆದು ಆಮೇಲೆ ಮೂಗಿರುವ ಜಾಗದಲ್ಲೇ ಗರಗಸ ಆಡಿಸಿದವರನ್ನು ಕಂಡಿದ್ದೇನೆ. ತೂತನ್ನೇ ಚಿತ್ರದ ಭಾಗವಾಗಿಸಿ: ಸೂರ್ಯಕಾಂತಿಯ ನಡುಭಾಗ, ಬಾಯ್ತೆರೆದ ಮೀನು, ಗೂಬೆ ಕುಳಿತ ಪೊಟರೆ. ಸಣ್ಣ ಕುಸುರಿ ಬೇಡ. ಹಲಗೆಯಿಂದ ಹಲಗೆಗೆ 27 ಅಡಿ ಅಂತರ; ಅಲ್ಲಿಂದ ಕಾಣುವುದು ದೊಡ್ಡ ಆಕಾರ, ಗಟ್ಟಿ ಬಣ್ಣ ಮಾತ್ರ.

ಬಣ್ಣಕ್ಕೆ ಮೊದಲು ಸಂದುಗಳಿಗೆ ಪುಟ್ಟಿ ತುಂಬಿ 120ರ, ಆಮೇಲೆ 220ರ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ. ತೂತಿನಂಚನ್ನು ಬೆರಳು ಸವರಿ ನೋಡಿ. ಚುಚ್ಚಿದರೆ ಇನ್ನೂ ಉಜ್ಜಬೇಕು. ಪ್ರೈಮರಿನ ಮೇಲೆ ಅಕ್ರಿಲಿಕ್ ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಹಚ್ಚಿ. ಮೇಲೆ ಬಣ್ಣವಿಲ್ಲದ ವಾರ್ನಿಷ್ ಮೂರು ಕೋಟ್. ನೀರು ಆಧಾರಿತ ಪಾಲಿಯುರೆಥೇನ್ ಕೊಳ್ಳಿ. ಎಣ್ಣೆ ಆಧಾರಿತದ್ದು ಬಿಳಿಯನ್ನು ಹಳದಿಯಾಗಿಸುತ್ತದೆ. ಮಾರ್ಕರಿನಲ್ಲಿ ಗೆರೆ ಎಳೆದಿದ್ದರೆ ಒಂದು ಮೂಲೆಯಲ್ಲಿ ಪರೀಕ್ಷಿಸಿ. ಕೆಲವು ಶಾಯಿಗಳು ವಾರ್ನಿಷ್ ಕುಂಚ ತಾಕಿದ ಕೂಡಲೇ ಕಾಡಿಗೆಯಂತೆ ಹರಡುತ್ತವೆ.

ಆಮೇಲೆ ಬೇಕಾದದ್ದು ತಾಳ್ಮೆ, ನನ್ನಲ್ಲಿ ಇಲ್ಲದ ಸರಕು. ಮುಟ್ಟಿದರೆ ಅಂಟದ ವಾರ್ನಿಷ್ ಒಳಗೂ ಗಟ್ಟಿಯಾಗಲು ವಾರಗಳೇ ಬೇಕು. ಎರಡನೆಯ ಜೋಡಿಯನ್ನು ನಾನು ಮೂರನೆಯ ದಿನವೇ ದಿನಪತ್ರಿಕೆ ನಡುವಿಟ್ಟು ಮುಖಕ್ಕೆ ಮುಖ ಕಟ್ಟಿ ಒಯ್ದೆ. ಬಿಚ್ಚಿದಾಗ ನೀಲಿ ಆಕಾಶದಲ್ಲಿ ‘ವರ ಬೇಕಾಗಿದೆ’ ಎಂದು ಅಚ್ಚಾಗಿತ್ತು. ಅದನ್ನು ಕೊಂಡವರು ಆ ಜಾಹೀರಾತಿಗೆಂದೇ ಬೆಲೆ ಏರಿಸಿದರು ಎನ್ನುವುದು ಬೇರೆ ಮಾತು. ನೀವು ಅದನ್ನು ನಂಬಿಕೊಂಡು ಕೂರಬೇಡಿ. ಹರಾಜಿಗೆ ಒಂದು ತಿಂಗಳು ಮೊದಲೇ ಹಲಗೆ ಮುಗಿಸಿ.

ಹರಾಜಿನಲ್ಲಿ ಹಲಗೆಯನ್ನು ಜೋಡಿಯಾಗಿಯೇ ಇಡಿ. ಜೊತೆಗೆ ಎರಡು ಬಣ್ಣದಲ್ಲಿ ನಾಲ್ಕು ನಾಲ್ಕು, ಒಟ್ಟು ಎಂಟು ಚೀಲ. ಒಂದೊಂದೂ 6 ಇಂಚು ಚೌಕ, ಸುಮಾರು 450 ಗ್ರಾಂ ತೂಗಬೇಕು. ಒಳಗೆ ಮೆಕ್ಕೆಜೋಳ ತುಂಬುವುದು ಹಳೆಯ ಪದ್ಧತಿ, ಆಟದ ಹೆಸರಲ್ಲೂ ಅದೇ ಇದೆ; ಆದರೆ ನೆನೆದರೆ ಮೊಳೆಯುತ್ತದೆ, ಇಟ್ಟರೆ ಹುಳು ಹಿಡಿಯುತ್ತದೆ. ಪ್ಲಾಸ್ಟಿಕ್ ಹರಳು ತುಂಬಿದರೆ ಆ ತಲೆನೋವಿಲ್ಲ. ಬಂದವರಿಗೆ ಕಾಸು ಪಡೆದು ಆಡಿಸಲು ಚಿತ್ರವಿಲ್ಲದ ಇನ್ನೊಂದು ಜೋಡಿ ಮಾಡಿಕೊಳ್ಳಿ. ದಾನಿಗಳ ಹೆಸರು ಬರೆಯಬೇಕೆಂದಿದ್ದರೆ ಹಲಗೆಯ ಬೆನ್ನಿಗೆ ಬರೆಯಿರಿ, ಅಲ್ಲಿ ಚೀಲ ಬಡಿಯುವುದಿಲ್ಲ.